ಎಂಟು ಗೇಣು ನಡೆದ ಬಾಳೆ

ಬೆಳಿಗ್ಗೆ ಎದ್ದ ಕೂಡಲೇ ಶಿವಕಾಂತಮ್ಮ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದಳು. ಮೂಡಣ ಗಾಳಿಯಾದರೆ ಆ ದಿನ ಅವಳ ಕೆಂಬಾಳೆಗೆ ಬಿಡುವು. ಪಡುವಣ ಗಾಳಿಯಾದರೆ ಹೊತ್ತೇರುವುದರೊಳಗೆ ತೋಟಕ್ಕೆ ತೋಟವೇ ವಿಭೂತಿ ಬಳಿದುಕೊಂಡಂತೆ ಬೆಳ್ಳಗಾಗುತ್ತಿತ್ತು. ಪಡುವಣ ಬದುವಿನ ಆಚೆ, ಎರಡು ವರ್ಷದ ಹಿಂದೆ ಕಲಬುರ್ಗಿಯ ಸಾಹುಕಾರ ದೇವೀಂದ್ರಪ್ಪ ಸುಣ್ಣದ ಭಟ್ಟಿ ಹಾಕಿದ್ದ. ಕಲಬುರ್ಗಿಯಲ್ಲಿ ಕಚೇರಿಗಳು, ಕೋಠಿಗಳು, ಅಂಗಡಿಸಾಲುಗಳು ಏಳುತ್ತಿದ್ದ ಕಾಲ ಅದು. ಎಷ್ಟು ಸುಟ್ಟರೂ ಸುಣ್ಣ ಸಾಲದು. ಕಲ್ಲು ಶಿವಕಾಂತಮ್ಮನ ಊರು ಕಮಲಾಪುರದ ಸುತ್ತ ಸಿಗುತ್ತಿತ್ತು, ಕಟ್ಟಿಗೆ ಸಿಗುತ್ತಿತ್ತು, ಬಾವಿಯ ನೀರು ಪಕ್ಕದಲ್ಲೇ ಇತ್ತು. ಊರ ಹೊರಗಿನ ಬಂಜರಿನಲ್ಲಿ ಹಾಕಬಹುದಾಗಿದ್ದ ಭಟ್ಟಿಯನ್ನು ಅವನು ಹನ್ನೆರಡು ತೋಟಗಳ ನಡುವೆ ತಂದು ಇಟ್ಟ.

ಶಿವಕಾಂತಮ್ಮ ಹಳೆಯ ಸೀರೆಯ ತುಂಡು ಒದ್ದೆ ಮಾಡಿಕೊಂಡು ಎಲೆ ಎಲೆ ಒರೆಸುತ್ತಿದ್ದಳು. ಅದು ಕೆಟ್ಟ ಬುದ್ಧಿಯೆಂದು ತಿಳಿಯಲು ಅವಳಿಗೆ ಒಂದು ತಿಂಗಳು ಹಿಡಿಯಿತು. ನೀರು ತಾಗಿದ ಸುಣ್ಣ ಎಲೆಯನ್ನು ಇನ್ನೂ ಬೇಗ ಸುಡುತ್ತಿತ್ತು. ಅಂಚು ಕಂದಿ, ಮಡಚಿ, ಎಲೆ ಹರಕು ಛತ್ರಿಯಂತೆ ಜೋತುಬೀಳುತ್ತಿತ್ತು. ಗೊನೆಗಳ ಕೆಂಪು ತೊಗಟೆಯ ಮೇಲೆ ಬಿಳಿ ಗುಳ್ಳೆಗಳು ಏಳುತ್ತಿದ್ದವು.

ಪಕ್ಕದ ತೋಟದ ಮಸ್ತಾನಬಿ ಎರಡೂ ತೋಟದ ಹಣ್ಣನ್ನು ಬಂಡಿಯಲ್ಲಿ ಒಯ್ದು ಕಲಬುರ್ಗಿಯ ದರ್ಗಾದ ಓಣಿ ರೋಜಾದಲ್ಲಿ ಮಾರುತ್ತಿದ್ದಳು. ಶ್ರಾವಣದ ಒಂದು ಮಧ್ಯಾಹ್ನ ಅವಳು ಬಂದು ಎರಡು ಗೊನೆಗಳನ್ನು ಶಿವಕಾಂತಮ್ಮನ ಅಂಗಳದಲ್ಲಿ ಇಳಿಸಿದಳು.

"ಹೊಳ್ಳಿ ತಂದಿಯೇನಕ್ಕಾ?"

"ತರಲಾರದೇ ಏನ್ ಮಾಡ್ಲಿ ತಂಗಿ? 'ಈ ಹಣ್ಣಿಗಿ ಮೈಲಿ ಎದ್ದದ, ದರ್ಗಾಕ್ಕ ಬಂದ ಮಂದಿ ಮುಟ್ಟಂಗಿಲ್ಲ' ಅಂದ್ರು. ನಾ ಹೇಳ್ದೆ, ಒಳಗ ನೋಡ್ರೋ, ಸಕ್ರಿ ಅದ. 'ಮದುವಿ ಹುಡುಗಿ ಮಾರಿ ನೋಡ್ತಾರ ಬೂಬು, ಒಳಗಿಂದ ಯಾರು ನೋಡ್ತಾರ' ಅಂದ್ರು ಸುಡುಗಾಡು ಮಂದಿ."

ಶಿವಕಾಂತಮ್ಮ ನಗಲಿಲ್ಲ. ಗೊನೆಯ ಮೇಲಿನ ಗುಳ್ಳೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸೆರಗು ಬಿಗಿದು ಬದು ದಾಟಿ ಭಟ್ಟಿಯ ಕಡೆ ನಡೆದಳು.

ದೇವೀಂದ್ರಪ್ಪ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದ. ಅವಳನ್ನು ಕಂಡು ನೆಟ್ಟಗೆ ಕೂತ.

"ಬರ್ರಿ ತಂಗಿ. ಹಬ್ಬಕ್ಕ ಗ್ವಾಡಿಗಿ ಸುಣ್ಣ ಬೇಕಾಗಿತ್ತೇನು?"

"ಸುಣ್ಣ ದಿನಾ ಫುಕಟ್ ಬರ್ಲಿಕತ್ತದ ಸಾವ್ಕಾರ್ರ. ಬ್ಯಾಡ ಅಂತ ಹೇಳ್ಲಿಕ್ಕ ಬಂದೀನಿ."

ಕಟ್ಟಿಗೆ ಒಟ್ಟುತ್ತಿದ್ದ ಆಳುಗಳು ನಕ್ಕರು. ದೇವೀಂದ್ರಪ್ಪನೂ ನಕ್ಕ. ನಗು ಮುಗಿದ ಮೇಲೆ ಕೇಳಿದ: "ನಿಮ್ದೇನು ಹಾಳಾತು?"

"ತ್ವಾಟ."

"ಯಾವ ತ್ವಾಟ?"

ಅವಳು ಕೈ ಎತ್ತಿ ತೋರಿಸಿದಳು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

"ಕಾಗದದಾಗ ಅಲ್ಲಿ ತ್ವಾಟನೇ ಇಲ್ಲ ತಂಗಿ. ನಿಂದು, ಮಸ್ತಾನಬೀದು, ಜಗದೇವಪ್ಪಂದು, ಎಲ್ಲಾ ಖುಷ್ಕಿ. ಮಳಿ ಬಂದ್ರ ಜ್ವಾಳ ಬೆಳಿಯೋ ಹೊಲ. ಬಾವಿ ನೀರು ಹಾಯ್ಸೋ ಬಾಗಾಯತಿ ಇದ್ದಿದ್ರ ಬಾಜೂದವ್ರ ಹೆಬ್ಬೆಟ್ಟಿಲ್ಲದೇ ನಾ ಇಲ್ಲಿ ಒಂದು ಕಲ್ಲೂ ಸುಡಂಗಿರಲಿಲ್ಲ. ಖುಷ್ಕಿ ನಡುವ ಭಟ್ಟಿ ಹಾಕ್ಲಿಕ್ಕ ಯಾರನ್ನೂ ಕೇಳೂ ಗರಜಿಲ್ಲ. ನಿಮ್ಮ ಪಟವಾರಿ ಬರದ ಹೊಲದ ದಫ್ತರ ನೋಡೇ ಸರಕಾರ ನನಗ ಪರವಾನಿಗಿ ಕೊಟ್ಟದ. ಇಲ್ಲದ ಎಲಿ ಮ್ಯಾಲ ನನ್ನ ಸುಣ್ಣ ಹ್ಯಾಂಗ ಬೀಳ್ತದ, ನೀನೇ ಹೇಳು?"

ಶಿವಕಾಂತಮ್ಮ ಬಂದ ದಾರಿಗೇ ತಿರುಗಿದಳು. ಬದು ದಾಟಿ ವಾಪಸು ಬರುವಾಗ ಅವಳ ಕಾಲು ಎರಡು ಸಲ ಎಡವಿತು.

ಮನೆಯಲ್ಲಿ ಗಂಡ ಸೂಗಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಯಾರಿಗೂ ಎದುರಾಡದವನು ಎಂದು ಊರೆಲ್ಲ ಹೊಗಳುತ್ತಿತ್ತು. ಹೆಂಡತಿಯೊಬ್ಬಳೇ ಆ ಹೊಗಳಿಕೆಯನ್ನು ಹೆದರಿ ಹೆದರಿ ಕೇಳುತ್ತಿದ್ದಳು.

"ಏನ್ರಿ, ನಮ್ಮ ತ್ವಾಟ ಖುಷ್ಕಿ ಅಂತ ಬರೆಸೀರೇನು?"

ಸೂಗಪ್ಪ ಕೊಡವನ್ನು ಕೆಳಗಿಟ್ಟ. "ನಾ ಅಲ್ಲ. ಅವ್ವ ತ್ವಾಟ ಹಚ್ಚಿದ ವರ್ಷನೇ ಪಟವಾರಿ ಹೇಳಿದ. ಬಾಗಾಯತಿ ಅಂತ ಬರದ್ರ ಸರಕಾರಕ್ಕ ಕಟ್ಟೋ ಮಹಸೂಲು ಮೂರು ಪಟ್ಟು ಆಗ್ತದ, ಖುಷ್ಕೀನೇ ಇರ್ಲಿ ಅಂತ. ಎಲ್ಲಾರೂ ಹಾಂಗೇ ಬರೆಸ್ಯಾರ. ಪಂಚಮಿಗಿ ಅವನ ಮನಿಗಿ ಗೊನಿ ಒಯ್ದು ಕೊಡತಿದ್ದಿ ನೀನೇ. ಅದು ಯಾತಕ್ಕ ಅಂತ ತಿಳಿದಿದ್ದಿ?"

ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮದುವೆಯಾಗಿ ಬಂದಂದಿನಿಂದ ಪ್ರತಿ ನಾಗರಪಂಚಮಿಗೆ ತೋಟದಲ್ಲಿ ಸುತ್ತಾಡಿ, ಎಲ್ಲಕ್ಕಿಂತ ಚೆಂದದ ಗೊನೆಯನ್ನು ಆರಿಸಿ, ಮಡಿಬಟ್ಟೆ ಹೊದಿಸಿ ಅವಳೇ ಒಯ್ಯುತ್ತಿದ್ದಳು. ದೊಡ್ಡವರ ಮನೆಗೆ ಹಬ್ಬದ ಮರ್ಯಾದೆ ಎಂದುಕೊಂಡಿದ್ದಳು. ತನ್ನ ತೋಟವನ್ನು ಕಾಗದದಿಂದ ಅಳಿಸಿಡುವುದಕ್ಕೆ ವರ್ಷವರ್ಷವೂ ತಾನೇ ಗೊನೆ ಹೊತ್ತಿದ್ದಳು.

"ಈಗ ಬಾಯಿ ಬಿಟ್ರ ಅಷ್ಟೂ ವರ್ಷದ ಬಾಗಾಯತಿ ಮಹಸೂಲು ನಮ್ಮ ತಲಿ ಮ್ಯಾಲ ಬೀಳ್ತದ," ಎಂದ ಸೂಗಪ್ಪ. "ಸುಮ್ಮ ಕೂಡು. ಗಾಳಿ ತಿರುಗ್ತದ."

"ಗಾಳಿ ತಿರುಗಿದ್ರ ಮಸ್ತಾನಬಿ ತ್ವಾಟದ ಮ್ಯಾಲ ಹೋಗ್ತದ. ಭಟ್ಟಿ ಏನು ತಿರುಗ್ತದೇನು?"

ಮರುದಿನ ಅವಳು ತೋಟದವರನ್ನೆಲ್ಲ ಹನುಮಂತದೇವರ ಕಟ್ಟೆಗೆ ಕರೆಸಿದಳು. ಅವರ ಪೈಕಿ ದೊಡ್ಡ ತೋಟದವನು ಜಗದೇವಪ್ಪ. ಅವನು ಕೂಡಲೂ ಇಲ್ಲ, ನಿಂತೇ ಮಾತಾಡಿದ.

"ಸೂಗಪ್ಪ, ನಿಮ್ಮ ಮನ್ಯಾಗ ರುಮಾಲ ಯಾರ ತಲಿ ಮ್ಯಾಲ ಅದನೋ? ನಿನ್ನ ಹೆಣ್ತಿ ಒಬ್ಬಾಕಿ ಬಾಯಿ ತೆರದ್ರ ಹನ್ನೆರಡು ತ್ವಾಟದ ಲೆಕ್ಕ ತೆರೀತದ."

"ತ್ವಾಟ ಇದ್ರ ಅಲ್ಲೇನು ಮಾವ ಲೆಕ್ಕ?" ಎಂದಳು ಶಿವಕಾಂತಮ್ಮ. "ಇದ್ದದ್ದು ಇಲ್ಲ ಅಂತ ಬರೆಸಿದವ್ರು ನಾವು. ಇಲ್ಲದ್ದಕ್ಕ ಏನಾದ್ರ ನನಗೇನು ಅಂತಾನ ಅವ. ಇನ್ನೊಂದು ಎರಡು ವರ್ಷ ತಡೀರಿ, ನಮ್ಮ ಪಟವಾರಿ ಬರದದ್ದೇ ಖರೇ ಆಗ್ತದ. ಆವಾಗ ಜ್ವಾಳ ಬಿತ್ತೋಣು."

ಒಬ್ಬೊಬ್ಬರೇ ಎದ್ದು ಹೋದರು. ಕಡೆಗೆ ಮಸ್ತಾನಬಿ ಒಬ್ಬಳು ಉಳಿದಳು. "ನಾಡದ್ದು ಬಂಡಿ ಕಲಬುರ್ಗಿಗಿ ಹೋಗ್ತದ. ಹಣ್ಣು ಕಮ್ಮಿ ಅವ, ಜಾಗಾ ಅದ," ಎಂದಳು.

ಅವಳು ಹೇಳಿದ ದಿನ ಬೆಳಕು ಹರಿಯುವಾಗ ಬಂಡಿ ಹೊರಟಿತು. ಮಸ್ತಾನಬಿಯ ಗಂಡ ಕರೀಂಸಾಬ್ ಎತ್ತು ಹೊಡೆಯುತ್ತಿದ್ದ. ಊರ ಅಗಸೆ ದಾಟುವಾಗ ಸೂಗಪ್ಪ ಹಿಂದಿನಿಂದ ಓಡಿಬಂದು ಬಂಡಿ ಹತ್ತಿದ.

"ನೀವ್ಯಾಕ ಬಂದ್ರಿ?" ಎಂದಳು ಹೆಂಡತಿ.

"ಅಲ್ಲಿ ಎತ್ತಿಗಿ ಮೇವು ಹಾಕ್ಲಿಕ್ಕ ಒಬ್ಬ ಬೇಕಲ್ಲ," ಎಂದ.

ದಾರಿಯುದ್ದಕ್ಕೂ ಶಿವಕಾಂತಮ್ಮ ತುಟಿ ಅಲ್ಲಾಡಿಸುತ್ತ ಮಾತುಗಳನ್ನು ಜೋಡಿಸುತ್ತಿದ್ದಳು. ಹೇಳಬೇಕಾದ್ದು ಒಂದೇ: ತೋಟ ಭಟ್ಟಿಗಿಂತ ಹಳೆಯದು. ಆದರೆ ಅದಕ್ಕೆ ಸಾಕ್ಷಿ ಏನು? ದಫ್ತರ ಅವಳ ವಿರುದ್ಧ ಇತ್ತು. ನೆರೆಯವರು ಬಾಯಿ ಮುಚ್ಚಿಕೊಂಡಿದ್ದರು. ಹುಣಸೆಯೋ ಬೇವೋ ಆಗಿದ್ದರೆ ಕಾಂಡದ ದಪ್ಪ ನೋಡಿ ವಯಸ್ಸು ಹೇಳಬಹುದಿತ್ತು. ಬಾಳೆಗೆ ವಯಸ್ಸು ಎಲ್ಲಿಯದು? ಗೊನೆ ಕಡಿದ ಮೇಲೆ ಗಿಡವೂ ಹೋಗುತ್ತದೆ, ಬುಡದಿಂದ ಮರಿಗಿಡ, ಕಂದು, ಏಳುತ್ತದೆ. ಇಂದು ನಿಂತಿರುವ ಗಿಡ ಯಾವುದೂ ಒಂದೂವರೆ ವರ್ಷಕ್ಕಿಂತ ಹಳೆಯದಲ್ಲ.

ಕಂದು ಎಂಬ ಮಾತು ಮನಸ್ಸಿಗೆ ಬಂದದ್ದೇ ಅವಳ ತುಟಿ ನಿಂತಿತು. ಬಂಡಿ ಆಗ ಕಲಬುರ್ಗಿಯ ಹತ್ತಿರ ಬಂದಿತ್ತು, ದೂರದಲ್ಲಿ ದರ್ಗಾದ ಗುಮ್ಮಟ ಕಾಣುತ್ತಿತ್ತು.

ರೋಜಾದಲ್ಲಿ ಮಸ್ತಾನಬಿಯ ತಂಗಿ ಜೈನಾಬಿಯ ಅಂಗಳದಲ್ಲಿ ರಾತ್ರಿ ಕಳೆದು, ಮರುದಿನ ಹೊತ್ತೇರಿದ ಮೇಲೆ ಜಿಲ್ಲೆಯ ತಾಲೂಕದಾರರ ಕಚೇರಿಗೆ ಹೋದರು. ಬಾಗಿಲಲ್ಲಿ ಪೇಶಕಾರ ಲಾಲ್ ಅಹ್ಮದ್, ಕಿವಿಗೆ ಲೇಖಣಿ ಸಿಗಿಸಿಕೊಂಡು, ಬಂದವರ ಅರ್ಜಿಗಳನ್ನು ಸಾಹೇಬರಿಗೆ ಒಪ್ಪಿಸುವವನು, ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ಗಂಡಸರು ಎಲ್ಲಿ ಹೋಗ್ಯಾರಮ್ಮ?"

"ಎತ್ತಿಗಿ ಮೇವು ಹಾಕ್ಲಿಕತ್ತಾರ. ಅರ್ಜಿ ನಂದೇ ಅದ."

ಸುದ್ದಿ ಅವಳಿಗಿಂತ ಮೊದಲೇ ಕಲಬುರ್ಗಿ ಮುಟ್ಟಿತ್ತು. ದೇವೀಂದ್ರಪ್ಪ ಜರಿಯಂಚಿನ ಶಲ್ಯ ಹೊದ್ದು, ಪಟವಾರಿಯ ದಫ್ತರದ ನಕಲು ಹಿಡಿದು ಒಳಗೇ ಕುಳಿತಿದ್ದ. ತಾಲೂಕದಾರ ಸಾಹೇಬರು ಹೈದರಾಬಾದಿನ ಕಡೆಯವರು, ನರೆತ ಗಡ್ಡದವರು. ಉರ್ದುವಿನಲ್ಲಿ ಕೇಳುತ್ತಿದ್ದರು, ಪೇಶಕಾರ ಕನ್ನಡದಲ್ಲಿ ಹೇಳುತ್ತಿದ್ದ.

"ಹುಜೂರ್," ಎಂದು ದೇವೀಂದ್ರಪ್ಪ ಎದ್ದು ನಿಂತ, "ಈ ತ್ವಾಟ ಭಟ್ಟಿ ಬಂದಮ್ಯಾಲ ಹಚ್ಚಿದ್ದು. ನನ್ನ ಹತ್ರ ಏನರೆ ಕಸ್ಕೊಳ್ಳಾಕ ಮಾಡಿದ ಹಿಕಮತ್ತು. ಬಾಳಿ ಬೆಳಿಲಿಕ್ಕ ಎಷ್ಟು ದಿನ ಬೇಕು? ದಫ್ತರ ನೋಡ್ರಿ, ಅಲ್ಲಿ ಬಾಳಿ ಹೆಸರೇ ಇಲ್ಲ."

ಸಾಹೇಬರು ಅವಳ ಕಡೆ ನೋಡಿದರು. ಶಿವಕಾಂತಮ್ಮ ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. ಉಳಿದದ್ದು ಒಂದೇ.

"ಅವು ಎಂಟು ಗೇಣು ನಡದಾವ್ರಿ," ಎಂದಳು.

"ಯಾವು?"

"ನಮ್ಮ ಬಾಳಿ."

ಲಾಲ್ ಅಹ್ಮದ್ ಲೇಖಣಿಯನ್ನು ಕಿವಿಯಿಂದ ತೆಗೆದು, ಮತ್ತೆ ಕಿವಿಗೇ ಇಟ್ಟುಕೊಂಡ. ಸಾಹೇಬರಿಗೆ ಹೇಳಿದ. ಸಾಹೇಬರು ಹುಬ್ಬೇರಿಸಿದರು: "ಕೇಲೇ ಚಲ್ತೇ ಹೈಂ?" ಬಾಳೆ ನಡೆಯುತ್ತದೆಯೇ? ಕಚೇರಿಗೆ ಕಚೇರಿಯೇ ನಕ್ಕಿತು. ದೇವೀಂದ್ರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. "ನಡದು ಇಲ್ಲೀತನಕ ಬಂದಿದ್ರ ಬಂಡಿ ಬಾಡಿಗಿ ಉಳೀತಿತ್ತು ತಂಗಿ!"

"ಅವು ಸಾವಕಾಶ ನಡೀತಾವ ಸಾವ್ಕಾರ್ರ, ಆದ್ರ ಸುಳ್ಳು ಹೇಳಂಗಿಲ್ಲ," ಎಂದಳು ಅವಳು. ನಗು ಕೇಳಿ ಅವಳ ಅಂಜಿಕೆ ಹೇಗೋ ಕರಗಿ ದನಿ ಗಟ್ಟಿಯಾಗಿತ್ತು. "ಹುಜೂರು ಬಂದು ಕಣ್ಣಾರೆ ನೋಡ್ರಿ. ಇಲ್ಲಂದ್ರ ನನ್ನ ಅರ್ಜಿ ಹರದು ಒಗೀರಿ."

ಸಾಹೇಬರು ಗಡ್ಡ ನೀವಿಕೊಂಡರು. ಆ ದಿಕ್ಕಿಗೆ ಎಂಟು ದಿನದಲ್ಲಿ ತಪಾಸಣೆಯ ದೌರೆ ಇದೆ, ನೋಡೋಣ ಎಂದರು.

ಎಂಟನೆಯ ದಿನ ಸಾಹೇಬರು ಬಂದರು. ಕುದುರೆ ಇಳಿದು, ಲಾಲ್ ಅಹ್ಮದನೊಂದಿಗೆ ನೇರ ತೋಟಕ್ಕೆ ನಡೆದರು. ಪಟವಾರಿ ಬಂದಿದ್ದ, ದೇವೀಂದ್ರಪ್ಪ ಬಂದಿದ್ದ. ತೋಟದವರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು, ಯಾರೂ ಕೆಳಗಿಳಿಯಲಿಲ್ಲ.

ಶಿವಕಾಂತಮ್ಮ ಮೊದಲ ಸಾಲಿನ ಬಳಿ ಕುಳಿತು ಮಣ್ಣು ಸರಿಸಿದಳು. ಅಂಗೈಯಗಲದ ಚಪ್ಪಟೆ ಕಲ್ಲೊಂದು ಕಾಣಿಸಿತು. "ಇದು ನಮ್ಮ ಅತ್ತಿ ಅಂಬಮ್ಮ ಇಟ್ಟದ್ದು. ತ್ವಾಟ ಹಚ್ಚುವಾಗ ಗುಣಿ ಗುಣಿಗಿ ಒಂದು ಕಲ್ಲು ಇಟ್ಟಾಳ, ಬಾವಿ ಕಪಿಲಿ ನೀರು ಬಿದ್ದು ಮಣ್ಣು ಕೊಚ್ಚಬಾರದು ಅಂತ. ಗೊನಿ ಕಡದ ಮ್ಯಾಲ ಬುಡಕ್ಕ ನಾಕೈದು ಕಂದು ಏಳ್ತಾವ. ಮೂಡಣ ಕಡಿ ಎದ್ದದ್ದು ಒಂದು ಬಿಟ್ಟು ಉಳದವು ಕಿತ್ತು ಒಗೀಬೇಕು. ಯಾವ ಕಡಿ ಬೇಕಾದ್ರ ಆ ಕಡಿ ಬಿಟ್ರ ಸಾಲು ಸೊಟ್ಟ ಆಗ್ತದ, ಒಂದರ ನೆಳ್ಳು ಒಂದರ ಮ್ಯಾಲ ಬೀಳ್ತದ. ಅತ್ತಿ ಸಾಯೂ ಮುಂದೂ ಅದನ್ನೇ ಹೇಳ್ಯಾಳ. ಹಿಂಗಾಗಿ ಬೆಳಿ ಬೆಳಿಗಿ ಗಿಡ ಒಂದು ಗೇಣು ಮೂಡಣಕ್ಕ ಸರೀತದ. ಕಲ್ಲಿನಿಂದ ಗಿಡದತನಕ ಅಳೀರಿ."

ಲಾಲ್ ಅಹ್ಮದ್ ಮೊಣಕಾಲೂರಿ, ಹೆಬ್ಬೆರಳು ಕಿರುಬೆರಳು ಚಾಚಿ ಅಳೆದ. ಎಂಟು ಗೇಣು. ಮುಂದಿನ ಗಿಡ, ಎಂಟು. ಅದರ ಮುಂದಿನದು ಏಳೂವರೆ. ಸಾಲಿಗೆ ಸಾಲೇ ಅಷ್ಟು.

"ಕೆಂಪಬಾಳಿ ಗೊನಿ ಹಾಕಿ ಮಾಗಲಿಕ್ಕ ಒಂದೂವರೆ ವರ್ಷ ಬೇಕು," ಎಂದಳು. "ಎಂಟು ಬೆಳಿಗಿ ಹನ್ನೆರಡು ವರ್ಷ ಆದ್ವು. ಭಟ್ಟಿಗಿ ಎರಡು."

"ಕಲ್ಲೇನು, ನಿನ್ನೆ ತಂದು ಹುಗದಿರಬೇಕು!" ಎಂದ ದೇವೀಂದ್ರಪ್ಪ.

ಈ ಮಾತು ಬರುತ್ತದೆಂದು ಅವಳು ಎಂಟು ದಿನದಿಂದ ಕಾದಿದ್ದಳು. ಗುದ್ದಲಿ ಅಲ್ಲೇ ಇಟ್ಟಿದ್ದಳು, ಎತ್ತಿ ಅವನ ಮುಂದೆ ಚಾಚಿದಳು. "ನೀವೇ ಅಗೀರಿ. ಕಲ್ಲಿಗೂ ಗಿಡಕ್ಕೂ ನಡುವ."

ಅವನು ಗುದ್ದಲಿ ಮುಟ್ಟಲಿಲ್ಲ. ಸಾಹೇಬರು ತಮ್ಮ ಜವಾನನಿಗೆ ಸನ್ನೆ ಮಾಡಿದರು. ಒಂದು ಮೊಳ ಆಳ ಅಗೆದಾಗ ಕಲ್ಲಿನ ಪಕ್ಕದಲ್ಲೇ ಮಣ್ಣಾಗಿ ಹೋದ ಗಡ್ಡೆಯ ಕಪ್ಪು ಗುರುತು ಕಂಡಿತು. ಅದರ ಮುಂದೆ ಇನ್ನೊಂದು. ಅದರ ಮುಂದೆ ಇನ್ನೊಂದು. ಮುಂದೆ ಬಂದಂತೆ ಗುರುತು ಹಸಿಯಾಗುತ್ತ, ನಾರು ಹೆಚ್ಚುತ್ತ, ಕಡೆಯದು ಹೋದ ಬೆಳೆಯ ಅರೆಕೊಳೆತ ಬೊಡ್ಡೆಯೇ ಆಗಿತ್ತು. ಹೆಜ್ಜೆ ಹಾಕಿ ಬಂದವರ ಕಾಲ ಗುರುತಿನಂತೆ ಒಂದೇ ಗೆರೆಯಲ್ಲಿ ಎಂಟು. ಸಾಹೇಬರು ಬಗ್ಗಿ, ಬೆತ್ತದ ತುದಿಯಿಂದ ಒಂದೊಂದನ್ನೂ ಮುಟ್ಟಿ ತಾವೇ ಎಣಿಸಿದರು. ಎಣಿಸಿ ಮುಗಿದ ಮೇಲೆ, "ವಾಕಯೀ ಚಲೇ ಹೈಂ," ನಿಜಕ್ಕೂ ನಡೆದಿವೆ, ಎಂದರು ಮೆಲ್ಲಗೆ.

ಆಮೇಲೆ ನೆಟ್ಟಗೆ ನಿಂತು ಪೇಶಕಾರನಿಗೆ ಬಹಳ ಹೊತ್ತು ಏನೋ ಹೇಳಿದರು. ಲಾಲ್ ಅಹ್ಮದ್ ಗಂಟಲು ಸರಿಮಾಡಿಕೊಂಡ. ಅವನ ದನಿಯಲ್ಲಿ ಕನಿಕರ ಇತ್ತು.

"ಅಮ್ಮಾ, ಚಲೋತನಾಗ ಕೇಳು. ತ್ವಾಟ ಹನ್ನೆರಡು ವರ್ಷದ್ದು ಅಂದ್ರ, ಹನ್ನೆರಡು ವರ್ಷದ ಬಾಗಾಯತಿ ಮಹಸೂಲು ಬಾಕಿ, ಮ್ಯಾಲ ದಂಡ. ಎರಡು ವರ್ಷದ್ದು ಅಂದ್ರ ಬಾಕಿ ಬಹಳಿಲ್ಲ, ಆದ್ರ ಭಟ್ಟಿ ಇದ್ದಲ್ಲೇ ಇರ್ತದ. ಸಾಹೇಬರು ಬರಸ್ಲಿಕತ್ತಾರ. ಏನಂತ ಬರೀಲಿ?"

ಬದುವಿನ ಮೇಲೆ ಯಾರೋ ಕೆಮ್ಮಿದರು. ಪಟವಾರಿ ಅವಳ ಕಡೆ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದ, ಪಂಚಮಿಗೆ ಗೊನೆ ಇಸಿದುಕೊಳ್ಳುವಾಗ ನಗುತ್ತಿದ್ದ ಹಾಗೇ ನಗುತ್ತ. ಆ ನಗುವೇ ಸಾಕಾಯಿತು.

"ಹನ್ನೆರಡು ಅಂತ ಬರೀರಿ," ಎಂದಳು. "ಬಾಕಿ ಕೊಡ್ತೀನಿ. ಒಂದೇ ಸಲ ಆಗಂಗಿಲ್ಲ, ಗೊನಿ ಗೊನಿ ಮಾರಿ ಕೊಡ್ತೀನಿ. ಆದ್ರ ಬರಿಯೂ ಮುಂದ ಬಾಳಿ ಅಂತನೂ ಬರೀರಿ. ಕೆಂಪಬಾಳಿ ಅಂತ ಬರೀರಿ. ಬರದದ್ದು ನನ್ನ ಮುಂದ ಓದಿ ಹೇಳ್ರಿ. ಇವರ ಕಾಗದಕ್ಕ ನಮ್ಮ ಹನ್ನೆರಡು ವರ್ಷ ಕಾಣಲಿಲ್ಲ, ಇನ್ನ ಮ್ಯಾಲ ಕಾಣ್ತದ."

ಪೇಶಕಾರ ಪದ್ಧತಿಯಂತೆ ಸೂಗಪ್ಪನ ಕಡೆ ತಿರುಗಿದ. "ಹೊಲದ ಪಟ್ಟೇದಾರ ನೀನು. ನಿನ್ನ ಮಾತು ಬೇಕು."

ಸೂಗಪ್ಪ ಬದುವಿನ ಮೇಲಿದ್ದ ಜಗದೇವಪ್ಪನನ್ನು ನೋಡಿದ, ಪಟವಾರಿಯನ್ನು ನೋಡಿದ, ಅಗೆದ ಗುಣಿಯ ತುದಿಗಿದ್ದ ಕಲ್ಲನ್ನು ನೋಡಿದ.

"ಹನ್ನೆರಡೇ ಹುಜೂರ್," ಎಂದ. "ಆ ಕಲ್ಲು ಇಟ್ಟಾಕಿ ನಮ್ಮವ್ವ. ನಾ ಗುಣಿ ತೋಡೀನಿ." ಅವನು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದ.

ಅಷ್ಟರಲ್ಲಿ ಬದುವಿನಿಂದ ಯಾರೋ ಧಡಕ್ಕನೆ ಜಿಗಿದ ಸದ್ದು. ಮಸ್ತಾನಬಿ. "ನಂದೂ ಬರ್ಕೋರಿ ಪೇಶಕಾರ್ ಸಾಬ್! ನಮ್ಮವು ಆರೇ ಗೇಣು ನಡದಾವ, ನಮ್ಮ ಮನೀ ಗಂಡಸಿನ ಹಾಂಗೇ ಜರಾ ಆಲಸಿ." ಕರೀಂಸಾಬ್ ಬದುವಿನ ಮೇಲಿಂದಲೇ, "ಹೌದ್ರೀ ಹೌದ್ರೀ," ಎಂದ. ಸಾಹೇಬರಿಗೆ ಕನ್ನಡ ಅರ್ಥವಾಯಿತೋ ಏನೋ, ಮೀಸೆಯಡಿ ನಕ್ಕರು. ಉಳಿದವರು ಯಾರೂ ಇಳಿಯಲಿಲ್ಲ. ಜಗದೇವಪ್ಪ ರುಮಾಲು ಬಿಗಿಗೊಳಿಸಿ ಬೆನ್ನು ತಿರುಗಿಸಿ ಹೊರಟ.

ಫೈಸಲಾ ಆಗುವವರೆಗೆ ಭಟ್ಟಿಗೆ ಬೆಂಕಿ ಹಾಕಕೂಡದು, ಪಟವಾರಿ ದಫ್ತರ ಸಮೇತ ಕಲಬುರ್ಗಿಗೆ ಹಾಜರಾಗಬೇಕು ಎಂದು ಸಾಹೇಬರು ಅಲ್ಲೇ ಹುಕುಂ ಬರೆಸಿದರು. ಪಟವಾರಿಯ ಮುಖದ ನಗು ಆಗ ಹೋಯಿತು.

ಕುದುರೆ ಮರೆಯಾದ ಮೇಲೆ ದೇವೀಂದ್ರಪ್ಪ ಶಲ್ಯ ಕೊಡವಿದ. "ಸುಬೇದಾರರತನಕ ಹೋಗ್ತೀನಿ ತಂಗಿ. ಹೈದರಾಬಾದಿಗೂ ಹೋಗ್ತೀನಿ. ನೀನು ಬಾಕಿ ಕಟಗೊಂತ ಕೂಡು."

"ಹೋಗ್ರಿ ಸಾವ್ಕಾರ್ರ," ಎಂದಳು ಶಿವಕಾಂತಮ್ಮ. "ಕಲಬುರ್ಗಿ ದಾರಿ ನನಗ ಗೊತ್ತಾಗ್ಯದ. ಮುಂದಿಂದೂ ಕೇಳಿದ್ರ ಯಾರರೆ ಹೇಳ್ತಾರ."

ಅವನು ಹೇಳಿದಂತೆಯೇ ಮಾಡಿದ. ಇಪ್ಪತ್ತು ದಿನದೊಳಗೆ ಮೇಲ್ಮನವಿಯ ನೋಟೀಸು ಬಂತು. ವಿಚಾರಣೆಯ ಪೇಶಿ ದೀಪಾವಳಿಯ ಆಚೆಗೆ. ಜಗದೇವಪ್ಪನ ಮನೆಯವರು ಬಾವಿಕಟ್ಟೆಯಲ್ಲಿ ಅವಳನ್ನು ಕಂಡರೆ ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಬಾಕಿಯ ಮೊದಲ ಕಂತಿಗೆ ತೋಟದ ಒಳ್ಳೆಯ ಗೊನೆಗಳೆಲ್ಲ ಹೋದವು. ಪಂಚಮಿಗೆ ಪಟವಾರಿಯ ಮನೆಗೆ ಹೋಗುತ್ತಿದ್ದಂಥ ಗೊನೆಯೂ ಅದರಲ್ಲಿತ್ತು.

ಭಟ್ಟಿ ಆರಿದ ಮೇಲೆ ಬಿಚ್ಚಿಕೊಂಡ ಮೊದಲ ಸುಳಿಯನ್ನು ಶಿವಕಾಂತಮ್ಮ ದಿನಕ್ಕೆ ಮೂರು ಸಲ ಹೋಗಿ ನೋಡುತ್ತಿದ್ದಳು. ಎಲೆ ಪೂರ್ತಿ ಅಗಲವಾದ ದಿನ ಅದರ ಮೇಲೆ ಅಂಗೈ ಎಳೆದು, ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಏನೂ ಅಂಟಿರಲಿಲ್ಲ.

ಸೂಗಪ್ಪ ಆಚೆ ಪಡುವಣ ಸಾಲಿನಲ್ಲಿ ಗೊನೆ ಕಡಿದ ಬುಡಗಳ ಕಂದು ಕೀಳುತ್ತಿದ್ದ. ಆ ಸಾಲು ಭಟ್ಟಿಯ ಬದುವಿಗೆ ಹತ್ತಿರದ್ದು. ರೂಢಿಯಂತೆ ಮೂಡಣದ ಕಂದು ಬಿಟ್ಟು, ಪಡುವಣ ಕಡೆಯದಕ್ಕೆ ಗುದ್ದಲಿ ಎತ್ತಿದ್ದ.

"ತಡೀರಿ," ಎಂದಳು ಅವಳು. "ಈ ಸಾಲಿಗಿ ಈ ಸಲ ಪಡುವಣದ್ದು ಬಿಡ್ರಿ."

ಗುದ್ದಲಿ ಗಾಳಿಯಲ್ಲೇ ನಿಂತಿತು. "ಭಟ್ಟಿ ಕಡಿಗೇನು? ಅವ್ವ ಏನು ಹೇಳಿದ್ದಳು..."

"ಸಾಲಿಗಿ ಸಾಲೇ ತಿರುಗಿದ್ರ ಸೊಟ್ಟ ಆಗಂಗಿಲ್ಲ. ಎಂಟು ಗೇಣು ನಾವು ಅವರಿಂದ ದೂರ ದೂರ ನಡದೀವಿ." ಅವಳು ಬದುವಿನಾಚೆಯ ತಣ್ಣಗಿನ ಭಟ್ಟಿಯ ಬಾಯಿಯನ್ನು ನೋಡುತ್ತ ಸೆರಗು ಸೊಂಟಕ್ಕೆ ಸಿಗಿಸಿದಳು. "ಇನ್ನ ಆ ಕಡಿ ನಡೀಲಿ."

ಸೂಗಪ್ಪ ಗುದ್ದಲಿ ತಿರುಗಿಸಿ ಮೂಡಣದ ಕಂದನ್ನು ಕಿತ್ತು ಒಗೆದ.